ಯಾರ ತೆರಿಗೆ, ಯಾರ ಸ್ವಾತಂತ್ರ್ಯ?

ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ನಾವು ಮತ್ತೆ ಓದಿದೆವು. ಮಾತು ದೊಡ್ಡದು, ಅನುಮಾನವಿಲ್ಲ. 1765ರ ಸ್ಟಾಂಪ್ ಕಾಯ್ದೆಯಿಂದ ಹಿಡಿದು 1773ರಲ್ಲಿ ಬಾಸ್ಟನ್ ಬಂದರಿನ ನೀರಿಗೆ 342 ಪೆಟ್ಟಿಗೆ ಚಹಾ ಸುರಿಯುವವರೆಗೆ ವಸಾಹತಿನವರ ಕೂಗು ಒಂದೇ: ನಮ್ಮ ಪ್ರತಿನಿಧಿಗಳಿಲ್ಲದ ಪಾರ್ಲಿಮೆಂಟು ನಮ್ಮ ಮೇಲೆ ತೆರಿಗೆ ಹಾಕಕೂಡದು. ನ್ಯಾಯವಾದದ್ದೇ. ತಮ್ಮನ್ನು ತಾವೇ ಆಳಿಕೊಂಡು ರೂಢಿಯಾದವರು ಅವರು. ವರ್ಜೀನಿಯಾದ ಮೊದಲ ಪ್ರತಿನಿಧಿ ಸಭೆ ಕೂಡಿದ್ದು 1619ರಲ್ಲಿ. ಆದರೆ ಅದೇ ವರ್ಷ, ಅದೇ ನೆಲಕ್ಕೆ ಆಫ್ರಿಕದ ಇಪ್ಪತ್ತು ಚಿಲ್ಲರೆ ಜನರನ್ನು ಹಡಗಿನಲ್ಲಿ ತಂದು ಆಹಾರಕ್ಕೆ ಬದಲಾಗಿ ಮಾರಿದರಲ್ಲ, ಅದನ್ನು ಬಿಟ್ಟು ಈ ಕತೆ ಹೇಳೋದು ಹೇಗೆ?

ಘೋಷಣೆ ಬರೆದ ಜೆಫರ್ಸನ್ ಗುಲಾಮರ ಒಡೆಯ. ಗುಲಾಮರ ವ್ಯಾಪಾರದ ಪಾಪವನ್ನೆಲ್ಲ ಇಂಗ್ಲೆಂಡಿನ ರಾಜನ ತಲೆಗೆ ಕಟ್ಟಿ ಅವನು ಬರೆದಿದ್ದ ಭಾಗವನ್ನೂ 1776ರಲ್ಲಿ ಕಾಂಗ್ರೆಸ್ ಹೊಡೆದುಹಾಕಿತು. ಹಾಗಾದರೆ ಎಲ್ಲರೂ ಸಮಾನರು ಅನ್ನೋ ಆ ಮಾತು ಬರೀ ಸುಳ್ಳೇ?

ಅಲ್ಲ. 1780ರಲ್ಲಿ ಮ್ಯಾಸಚೂಸೆಟ್ಸ್‌ನ ಪಾಲ್ ಕಫಿ ಮತ್ತವನ ಸಂಗಡಿಗರು, ಸ್ವತಂತ್ರ ಕರಿಯರು, ಸರ್ಕಾರಕ್ಕೆ ಅರ್ಜಿ ಹಾಕಿದರು: ಓಟಿಲ್ಲದ ನಾವು ತೆರಿಗೆ ಯಾಕೆ ಕಟ್ಟಬೇಕು? ಆಳುವವರ ಮಾತನ್ನೇ ಆಳುವವರ ಮುಖಕ್ಕೆ ಹಿಡಿದರು. ಘೋಷಣೆಯ ನಿಜವಾದ ವಿಮರ್ಶೆ ಈ ಅರ್ಜಿಯೇ. ಎರಡನ್ನೂ ಜೊತೆಗಿಟ್ಟುಕೊಂಡೇ ನಾವು ಓದಬೇಕು, ಓದಿಸಬೇಕು.