ಕೆಂಪು ಶಾಯಿ ಬಿದ್ದ ಮಾತು

ಭಾಲ್ಕಿಯಲ್ಲಿ ಯಾರನ್ನೇ ಕೇಳಿ, ಹಿರೇಮಠದ ಚನ್ನಬಸವ ಪಟ್ಟದ್ದೇವರ ಕತೆ ಒಂದೇ ಉಸಿರಿಗೆ ಬರುತ್ತದೆ: ನಿಜಾಮರ ಕಾಲ, ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ಬಾಯಿಂದ ಬಾಯಿಗೆ ದಾಟಿ ದಾಟಿ ಅದೀಗ ಹೊಳೆಗಲ್ಲಿನಂತೆ ನುಣುಪಾಗಿದೆ. ತಪಾಸಣೆಯ ಸುದ್ದಿ ಬಂದರೆ ಹುಡುಗರು ಕನ್ನಡ ಪಾಟಿ ಎಲ್ಲಿ ಬಚ್ಚಿಡುತ್ತಿದ್ದರು? ಮೌಖಿಕ ಇತಿಹಾಸ ಶುರುವಾಗಬೇಕಾದದ್ದು ಇಂಥ ಪ್ರಶ್ನೆಯಿಂದ.

ಊರ ಹಿರಿಯರನ್ನು ಮಾತಾಡಿಸಿ ಬರೆದು ತನ್ನಿ ಎಂದು ಇತಿಹಾಸದ ಪ್ರಾಧ್ಯಾಪಕರೊಬ್ಬರು ಮಾಡಿಸಿದ್ದ ಪ್ರಾಜೆಕ್ಟುಗಳನ್ನು ಓದಿದ್ದೆ. ಕಾಲೇಜಿನ ಹೆಸರು ಬೇಡ. ಔರಾದ್ ಕಡೆಯ ಅಜ್ಜಿಯೊಬ್ಬರ ಮಾತನ್ನು ಹುಡುಗಿಯೊಬ್ಬಳು ಪೆನ್ಸಿಲ್ಲಿನಲ್ಲಿ ಹೀಗೆ ಗೀಚಿಕೊಂಡಿದ್ದಳು: ‘ಅವ್ವ ನಮ್ಮನ್ನ ಕಣಕಿ ಬಣಮಿ ಸಂದ್ಯಾಗ ಕುಂಡ್ರಿಸಿ, ತಮ್ಮ ಅಳಬಾರದಂತ ಅವನ ಬಾಯಾಗ ಬೆಲ್ಲ ಹಾಕಿದ್ಳು.’ ‘ಬಣಮಿ’, ‘ಸಂದ್ಯಾಗ’ ಎರಡಕ್ಕೂ ಕೆಂಪು ಗೆರೆ. ತಿದ್ದಿದ ಪ್ರತಿಯಲ್ಲಿ: ‘ರಜಾಕಾರರ ಹಾವಳಿಯ ಸಂದರ್ಭದಲ್ಲಿ ಮಹಿಳೆಯರು ಹಾಗೂ ಮಕ್ಕಳು ಸುರಕ್ಷಿತ ಸ್ಥಳಗಳಲ್ಲಿ ಆಶ್ರಯ ಪಡೆದರು.’ ಇದಕ್ಕೆ ರೈಟ್ ಮಾರ್ಕು. ಬೆಲ್ಲ ಎಲ್ಲಿ ಹೋಯಿತೋ!

ಪ್ರಾಧ್ಯಾಪಕರನ್ನು ಹಗುರವಾಗಿ ಕಾಣಲಾರೆ. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ಹತ್ತಿರ. ಮಕ್ಕಳನ್ನು ಅವರ ಕಟ್ಟೆಗೆ ಕಳಿಸಿದ್ದೇ ದೊಡ್ಡದು. ಆದರೆ ಕೇಳಲು ಕಲಿಸಿದವರು ಬರೆಯಲು ಕಲಿಸುವಾಗ ಎಡವಿದ್ದಾರೆ. ಮನೆಯಲ್ಲಿ ಕನ್ನಡವೋ ಮರಾಠಿಯೋ ಆಡಿ, ಶಾಲೆಗೆ ಹೋದರೆ ಉರ್ದುವಿನಲ್ಲಿ ಅಕ್ಷರ ಕಲಿತ ತಲೆಮಾರು ಅದು. ಅವರ ಆಡುಮಾತನ್ನು ಬೆಂಗಳೂರಿನ ಪಠ್ಯಪುಸ್ತಕದ ಕನ್ನಡಕ್ಕೆ ಇಳಿಸಿದರೆ, ಆಗ ಹೊರಗೆ ತೂಗಿದ್ದ ಬೋರ್ಡನ್ನೇ ಈಗ ಒಳಗೆ ತಂದು ತೂಗಿದ ಹಾಗೆ.

ಕರ್ಮಣಿ ಪ್ರಯೋಗದ್ದು ಇನ್ನೊಂದು ತಕರಾರು. ‘ಹತ್ಯೆ ಮಾಡಲಾಯಿತು’, ‘ಲೂಟಿ ಮಾಡಲಾಯಿತು’. ಯಾರು ಮಾಡಿದರು? ನಿಜಾಮರ ಪರ ಆಯುಧ ಹಿಡಿದ ರಜಾಕಾರರು ಗೋರ್ಟಾದಲ್ಲಿ ನಡೆಸಿದ ಹತ್ಯಾಕಾಂಡದ ಬಗ್ಗೆ ಬರೆಯುವಾಗ ಕರ್ತೃ ಸಿಗುತ್ತಾನೆ. ಭಾರತದ ಸೇನೆಗೆ ನಿಜಾಮರು ಶರಣಾದ ಸೆಪ್ಟೆಂಬರ್ 17ರ ಆಚೆಗೆ ಮಾಯವಾಗುತ್ತಾನೆ. ಪೊಲೀಸ್ ಕಾರ್ಯಾಚರಣೆ ಎಂದು ಕರೆದ ಆ ಸೇನಾ ಕ್ರಮದ ನಂತರ ಹೈದರಾಬಾದ್ ಸಂಸ್ಥಾನದಲ್ಲಿ ಓಡಾಡಿದ ಪಂಡಿತ್ ಸುಂದರಲಾಲ್ ಸಮಿತಿ, ಸತ್ತವರು ಕನಿಷ್ಠ 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತ್ತು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು. ಆ ಸಾವುಗಳಲ್ಲಿ ಬಹುಪಾಲು ಮುಸ್ಲಿಮರದು. ಪ್ರಾಜೆಕ್ಟಿನ ಪ್ರಶ್ನಾವಳಿ ಮಾತ್ರ ‘ರಜಾಕಾರರ ಹಾವಳಿ ಹೇಗಿತ್ತು?’ ಎಂಬಲ್ಲಿಗೇ ಮುಗಿದಿತ್ತು. ಪ್ರಶ್ನೆಯೇ ಅಲ್ಲಿ ನಿಂತರೆ ಉತ್ತರ ಹೇಗೆ ಮುಂದೆ ಹೋದೀತು?

ಒಬ್ಬ ಹುಡುಗ ಮಾತ್ರ ಪಟ್ಟಿ ಬಿಟ್ಟು, ‘ಅದರ ಮುಂದ ಏನಾಯ್ತು, ಮುತ್ಯಾ?’ ಎಂದು ಕೇಳಿದ್ದ. ಅವನ ಪೆನ್ಸಿಲ್ ಬರಹದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಒಂದು ಸಾಲಿತ್ತು: ‘ಮುತ್ಯಾ ಎದ್ದು ಎಮ್ಮಿಗಿ ನೀರು ಕುಡಸ್ಲಾಕ ಹೋದ್ರು.’ ವಿಷಯಕ್ಕೆ ಸಂಬಂಧವಿಲ್ಲ ಎಂದು ಪಕ್ಕದಲ್ಲಿ ಬರೆದು, ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಲಾಗಿತ್ತು.