ಹೊಂದಾಣಿಕೆಯ ಪಟ್ಟಿ

'ಹೊಂದಿಕೊಂಡು ಹೋಗುವ' ಎಂಬ ಮಾತು ನಮ್ಮಲ್ಲಿ ಎರಡು ಕಡೆ ಧಾರಾಳವಾಗಿ ಬಳಕೆಯಾಗುತ್ತದೆ. ಒಂದು, ಭಾನುವಾರದ ಪತ್ರಿಕೆಯ ವಧೂವರರ ಅಂಕಣದಲ್ಲಿ. ಇನ್ನೊಂದು, ಅಲಂಕಾರದ ಮೀನು ಮಾರುವ ಅಂಗಡಿಯ ಗೋಡೆಯ ಮೇಲೆ. ಮೊದಲನೆಯದರ ಬಗ್ಗೆ ಹೆಂಗಸರು ಬೇಕಾದಷ್ಟು ಬರೆದಿದ್ದಾರೆ, ಅತ್ತಿದ್ದಾರೆ, ನಕ್ಕಿದ್ದಾರೆ. ಎರಡನೆಯದನ್ನು ಯಾರೂ ವಿಮರ್ಶೆಗೆ ಎತ್ತಿಕೊಂಡದ್ದನ್ನು ನಾನು ಕಾಣೆ. ಕಥೆ, ಕಾದಂಬರಿ, ಸಿನಿಮಾಗಳಿಗೆ ವಿಮರ್ಶೆ ಉಂಟು. ಪಟ್ಟಿಯೂ ಒಂದು ಬರಹವೇ ತಾನೆ? ಅದನ್ನು ಓದಿಯೇ ಜನ ದುಡ್ಡು ಸುರಿಯುತ್ತಾರೆ, ಜೀವ ಇರುವ ಪ್ರಾಣಿಗಳನ್ನು ಮನೆಗೆ ತರುತ್ತಾರೆ. ಓದಿದ ಮೇಲೆ ಪ್ರಾಣ ಹೋಗಬಹುದಾದ ಬರಹವನ್ನು ಸುಮ್ಮನೆ ಬಿಡುವುದು ಹೇಗೆ?

ಈ ಪಟ್ಟಿ ನನ್ನ ಕೈಗೆ ಬಂದದ್ದು ಚನ್ನಪಟ್ಟಣದಲ್ಲಿರುವ ತಂಗಿಯ ಮಗನಿಂದ. ಅವನಿಗೆ ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇಡುವ ಆಸೆ. 300 ಲೀಟರಿನ ಗಾಜಿನ ತೊಟ್ಟಿ, ಒಳಗೆ ಬಂಡೆ, ಮರಳು, ಒಂದು ಜೊತೆ ಕ್ಲೌನ್ ಮೀನು, ಒಂದು ಗೋಬಿ, ನಾಲ್ಕು ಸೀಗಡಿ. ಇವುಗಳ ನಡುವೆ ಬಣ್ಣ ತುಂಬಲು ಒಂದು ರಾಸ್ ಮೀನು ಬೇಕಂತೆ. 'ನೀವು ಪುಸ್ತಕ ಓದುವವರು ದೊಡ್ಡಮ್ಮ, ಇದನ್ನೂ ಒಂದಿಷ್ಟು ಓದಿ ಹೇಳಿ. ಜಗಳಗಂಟಿಯಲ್ಲದ ರಾಸ್ ಯಾವುದು?' ಎಂದು ಪಟ್ಟಿಯನ್ನು ಕೊಟ್ಟು ಹೋದ.

ನೀವೂ ಎಲ್ಲಾದರೂ ನೋಡಿರುತ್ತೀರಿ. ಮೇಲಿನ ಸಾಲಿನಲ್ಲಿ ಮೀನುಗಳ ಹೆಸರು, ಎಡಗಡೆ ಮತ್ತೆ ಅವೇ ಹೆಸರು. ಎರಡೂ ಕೂಡುವ ಮನೆಯಲ್ಲಿ ಹಸಿರು ಚುಕ್ಕೆಯಿದ್ದರೆ ಕೂಡಿಬಾಳುತ್ತವೆ, ಕೆಂಪಿದ್ದರೆ ಇಲ್ಲ, ಹಳದಿಯಿದ್ದರೆ ಎಚ್ಚರಿಕೆ. ನಮ್ಮ ಸಾಲಾವಳಿಯಾದರೂ ಎಂಟು ಕೂಟ ನೋಡಿ, 36 ಗುಣದಲ್ಲಿ ಎಷ್ಟು ಬಂತೆಂದು ಲೆಕ್ಕ ಹಾಕುತ್ತದೆ. ಇಲ್ಲಿ ಒಂದು ಚುಕ್ಕೆಯಲ್ಲೇ ತೀರ್ಪು. ಪಟ್ಟಿಗೆ ಸಲ್ಲಬೇಕಾದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗುವ ಲಯನ್ ಮೀನಿನ ಜೊತೆಗೆ ಬೆರಳುದ್ದದ ಮೀನನ್ನು ಬಿಡುವ ಅನಾಹುತವನ್ನು ಅದು ತಪ್ಪಿಸುತ್ತದೆ. ಅಷ್ಟು ಉಪಕಾರ ಅದರಿಂದ ಉಂಟು. ಅದರಾಚೆಗೆ ನನ್ನ ತಕರಾರುಗಳು ಶುರುವಾಗುತ್ತವೆ.

ಮೊದಲನೆಯದು, ಅದು ರಾಸ್ ಎಂಬ ದೊಡ್ಡ ಕುಲಕ್ಕೆ ಒಂದೇ ಮನೆ ಕೊಟ್ಟಿದೆ, ಒಳಗೆ ಹಳದಿ ಚುಕ್ಕೆ. ಈ ಕುಲದಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ಬೆರಳುದ್ದದಲ್ಲೇ ಬೆಳವಣಿಗೆ ಮುಗಿಯುವವೂ ಇವೆ, ಎರಡು ಮೀಟರಿನವರೆಗೆ ಬೆಳೆಯುವ ಹಂಪ್‌ಹೆಡ್ ರಾಸ್ ಕೂಡ ಇದೆ. ನಮ್ಮ ಹಿಂದೂ ಮಹಾಸಾಗರದ ಹವಳದ ದಿಬ್ಬಗಳಲ್ಲಿ ಸಾಮಾನ್ಯವಾಗಿರುವ ಮೂನ್ ರಾಸ್ ಮರಿಯಾಗಿದ್ದಾಗ ಮುದ್ದಾಗಿರುತ್ತದೆ. ಬೆಳೆದರೆ ಒಂದಡಿಯ ಆಚೀಚೆ ಬರುತ್ತದೆ, ಸೀಗಡಿಯನ್ನು ಬಿಡುವುದಿಲ್ಲ, ಚಿಕ್ಕ ಮೀನನ್ನು ನೆಮ್ಮದಿಯಾಗಿರಲು ಬಿಡುವುದಿಲ್ಲ. ಅದೇ ಕುಲದ ಫ್ಲಾಶರ್ ರಾಸ್ ಮೂರು ಅಂಗುಲದಷ್ಟು ಉದ್ದ. ನೀರಿನಲ್ಲಿ ತೇಲಿಬರುವ ಸಣ್ಣ ಸಣ್ಣ ಜೀವಿಗಳನ್ನು ಹೆಕ್ಕಿ ತಿಂದುಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಇವೆರಡಕ್ಕೂ ಒಂದೇ ಚುಕ್ಕೆ ಇಡುವುದೆಂದರೆ 'ಗೌಡರ ಮನೆಯವರು ಹೇಗೆ?' ಎಂದು ಕೇಳಿದವರಿಗೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟ ಹಾಗೆ. ಯಾವ ಗೌಡರು, ಯಾವ ಮನೆ ಎಂದು ಕೇಳದೆ ಯಾರಾದರೂ ಬಾಯಿ ಬಿಡುತ್ತಾರೆಯೇ? ನಮ್ಮ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚಾಣಿಕೆಯವರು ತಳಿಯ ಹೆಸರು ಕೇಳಿ ಕಣ್ಣುಮುಚ್ಚಿ ಬೆಲೆ ಕೂಗುವುದಿಲ್ಲ. ರಾಶಿಗೆ ಕೈಹಾಕಿ, ಗೂಡನ್ನು ಒತ್ತಿ ನೋಡುತ್ತಾರೆ. ಒಂದೇ ತಳಿ, ಒಂದೇ ಊರು, ಆದರೂ ರಾಶಿಯಿಂದ ರಾಶಿಗೆ ಬೆಲೆ ಬೇರೆ.

ಎರಡನೆಯ ತಕರಾರು ಹೆಚ್ಚು ಗಂಭೀರವಾದದ್ದು. ಪಟ್ಟಿ ಜಗಳವನ್ನು ಮೀನಿನ ಹುಟ್ಟುಗುಣ ಎಂದು ಬರೆದಿಟ್ಟಿದೆ. ಆರು ಗೆರೆಯ ಸಿಕ್ಸ್ ಲೈನ್ ರಾಸನ್ನೇ ನೋಡಿ. ಮೀನು ಸಾಕುವವರ ನಡುವೆ ಇದಕ್ಕೆ ಜಗಳಗಂಟಿ ಎಂಬ ಹೆಸರು ಗಟ್ಟಿಯಾಗಿ ನಿಂತಿದೆ, ಅದು ಸುಳ್ಳೂ ಅಲ್ಲ. ಆದರೆ ಆ ಹೆಸರು ಬರುವ ಬಗೆ ನೋಡಿ. ಸಣ್ಣ ತೊಟ್ಟಿಗೆ ಎಲ್ಲರಿಗಿಂತ ಮೊದಲು ಅದನ್ನೇ ತಂದು ಬಿಡುತ್ತಾರೆ. ಬಂಡೆಯ ಸಂದುಗೊಂದುಗಳೆಲ್ಲ ಅದರದೇ ಆಗುತ್ತವೆ. ಎರಡು ತಿಂಗಳ ಮೇಲೆ ಹೊಸಬರನ್ನು ತಂದು ಅದೇ ಬಂಡೆಯ ಮೇಲೆ ಸುರಿಯುತ್ತಾರೆ. ದಿನಕ್ಕೆ ಒಂದೇ ಹೊತ್ತು ಮೇವು. ಆಗ ಅದು ಅಟ್ಟಿಸಿಕೊಂಡು ಹೋದರೆ 'ಅದರ ಬುದ್ಧಿಯೇ ಅಷ್ಟು' ಎನ್ನುತ್ತಾರೆ. ಅದನ್ನೇ ವಿಶಾಲವಾದ ತೊಟ್ಟಿಗೆ ಎಲ್ಲರ ಕೊನೆಯಲ್ಲಿ ಬಿಟ್ಟು, ಅಡಗಲು ಹತ್ತು ಜಾಗವಿಟ್ಟು, ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಮೇವು ಕೊಟ್ಟರೆ ಜಗಳ ಪೂರ್ತಿ ನಿಲ್ಲದಿದ್ದರೂ ತಗ್ಗುತ್ತದೆ. ಅನುಭವಿಗಳು ಹೊಸ ಮೀನನ್ನು ಮೊದಲು ತೂತುಗಳಿರುವ ಪಾರದರ್ಶಕ ಡಬ್ಬಿಯಲ್ಲಿ ಹಾಕಿ ತೊಟ್ಟಿಯೊಳಗೇ ಕೆಲವು ದಿನ ಇಡುತ್ತಾರೆ. ಹಳಬರು ನೋಡಿ ನೋಡಿ ಬೇಸತ್ತ ಮೇಲೆ ಹೊರಗೆ ಬಿಡುತ್ತಾರೆ. ಬಂಡೆಗಳನ್ನು ಕದಲಿಸಿ ಬೇರೆ ರೀತಿ ಜೋಡಿಸುವುದೂ ಉಂಟು. ಆಗ ಹಳಬರಿಗೂ ಮನೆ ಹೊಸದಾಗುತ್ತದೆ.

ಈ ಮಾತು ನಮ್ಮ ಸೀಮೆಯ ಹೆಂಗಸರಿಗೆ ಹೊಸದಾಗಿ ಹೇಳಬೇಕಾದದ್ದಲ್ಲ. ಮಾಗಡಿ, ಕನಕಪುರದ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಒಂದೊಂದು ಜ್ವರದಿಂದ ಎದ್ದ ಮೇಲೂ ಹಾಸಿಗೆಯನ್ನು ಅಗಲ ಮಾಡುತ್ತಾರೆ. ಒತ್ತಾಗಿ ಬಿಟ್ಟರೆ ಹುಳುವಿಗೆ ಸೊಪ್ಪು ಸಾಲದು, ರೋಗ ಬರುತ್ತದೆ. ಹಣ್ಣಾದ ಹುಳುಗಳನ್ನು ಚಂದ್ರಂಕಿಯ ಮೇಲೆ ಕಿಕ್ಕಿರಿಸಿದರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿಬಿಡುತ್ತವೆ. ಅಂಥ ಗೂಡಿನಿಂದ ನೂಲು ಸಲೀಸಾಗಿ ಬಿಚ್ಚುವುದಿಲ್ಲ, ಬೆಲೆ ಬೀಳುತ್ತದೆ. ಆಗ ಯಾವ ತಾಯಿಯೂ 'ಈ ಹುಳುವಿನ ಸ್ವಭಾವ ಸರಿಯಿಲ್ಲ' ಎನ್ನುವುದಿಲ್ಲ. 'ಚಂದ್ರಂಕಿ ಸಾಲದೆ ಬಂತು' ಎನ್ನುತ್ತಾಳೆ. ಹುಳುವಿಗೆ ಸಿಗುವ ಈ ನ್ಯಾಯ ಮೀನಿಗೆ ಯಾಕೆ ಸಿಗಬಾರದು? ಸೊಸೆಗೆ ಸಿಕ್ಕಿದೆಯೇ ಎಂದು ನೀವು ಕೇಳಿದರೆ ಅದು ಬೇರೊಂದು ಪ್ರಬಂಧವಾಗುತ್ತದೆ. ಆದರೆ ಎರಡು ಕೋಣೆಯ ಮನೆಯಲ್ಲಿ ಎಂಟು ಜನರನ್ನಿಟ್ಟು, ಒಂದೇ ಒಲೆ ಕೊಟ್ಟು, ಕೊನೆಗೆ ಬಂದವಳ ಮೇಲೆ 'ಹೊಂದಿಕೊಳ್ಳುವ ಗುಣವಿಲ್ಲ' ಎಂದು ಬರೆದಿಡುವ ಪಟ್ಟಿಗಳನ್ನು ನಾವೆಲ್ಲ ಓದಿದವರೇ.

ಮೂರನೆಯದು, ಸ್ವಭಾವ ಎಂಬುದನ್ನು ಹುಟ್ಟಿದಂದಿನಿಂದ ಸಾಯುವವರೆಗೆ ಒಂದೇ ಎಂದು ಪಟ್ಟಿ ತಿಳಿದಿದೆ. ರಾಸ್‌ಗಳ ವಿಷಯದಲ್ಲಿ ಇದು ನಗೆಪಾಟಲಿನ ಮಾತು. ಇವುಗಳಲ್ಲಿ ಬಹಳಷ್ಟು ಮೊದಲು ಹೆಣ್ಣಾಗಿದ್ದು, ಆಮೇಲೆ ಗಂಡಾಗುತ್ತವೆ. ಕ್ಲೀನರ್ ರಾಸ್ ಎಂಬ ಮೀನಿನಲ್ಲಿ ಒಂದು ಗಂಡು, ಅದರ ಸುತ್ತ ಕೆಲವು ಹೆಣ್ಣುಗಳ ಸಂಸಾರ. ಗಂಡು ಸತ್ತರೆ ಹೆಣ್ಣುಗಳಲ್ಲಿ ಹಿರಿಯಳು ಕೆಲವೇ ಗಂಟೆಗಳಲ್ಲಿ ಗಂಡಿನ ಠೀವಿ ತೋರಿಸತೊಡಗುತ್ತಾಳೆ. ಎರಡು ಮೂರು ವಾರದೊಳಗೆ ದೇಹವೂ ಪೂರ್ತಿ ಗಂಡಾಗುತ್ತದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ರಾಬರ್ಟ್‌ಸನ್ ಎಂಬ ವಿಜ್ಞಾನಿ ಇದನ್ನು ಕಂಡು 1972ರಲ್ಲಿ ಪ್ರಕಟಿಸಿದರು. ಗಂಡು ಇರುವವರೆಗೆ ಅದರ ದಬ್ಬಾಳಿಕೆಯೇ ಹೆಣ್ಣನ್ನು ಹೆಣ್ಣಾಗಿಟ್ಟಿರುತ್ತದೆ ಎಂಬುದು ಅವರ ವಿವರಣೆ. ಓದಿದಾಗ ನಾನು ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇಂಥ ಜೀವಕ್ಕೆ ಅಂಗಡಿಯಲ್ಲಿ ಕಂಡ ದಿನದ ಸ್ವಭಾವವನ್ನೇ ಕೊನೆಯವರೆಗಿನ ಗುಣವೆಂದು ಬರೆಯುವುದು ಹೇಗೆ? ಸಾಧುವಾಗಿ ಬಂದ ಹೆಣ್ಣು ಫೇರಿ ರಾಸ್ ತೊಟ್ಟಿಯಲ್ಲಿ ತಾನೇ ದೊಡ್ಡವಳೆಂದು ಗೊತ್ತಾದ ಮೇಲೆ ಬಣ್ಣವನ್ನೂ ನಡತೆಯನ್ನೂ ಬದಲಿಸಬಹುದು.

ನಾಲ್ಕನೆಯ ತಕರಾರು, ಪಟ್ಟಿ ಹಸಿರು ಚುಕ್ಕೆ ಇಟ್ಟಿರುವ ಕಡೆಯೇ ಹೆಚ್ಚು ಕ್ರೌರ್ಯ ಅಡಗಿದೆ ಎಂಬುದು. ಮೇಲೆ ಹೇಳಿದ ಕ್ಲೀನರ್ ರಾಸಿಗೆ ಎಲ್ಲರ ಎದುರೂ ಹಸಿರು. ಅದು ಯಾರ ಜೊತೆಗೂ ಜಗಳವಾಡುವುದಿಲ್ಲ, ದೊಡ್ಡ ಮೀನುಗಳ ಮೈಮೇಲಿನ ಪರಾವಲಂಬಿ ಹುಳುಗಳನ್ನು ತೆಗೆದು ತಿಂದು ಬದುಕುತ್ತದೆ. ಕಡಲಿನಲ್ಲಿ ಒಂದೊಂದು ದಿನಕ್ಕೆ ನೂರಾರು ಮೀನುಗಳು ಅದರ ಬಳಿ ಬಂದು ಸೇವೆ ಮಾಡಿಸಿಕೊಂಡು ಹೋಗುತ್ತವೆ. ನಾಲ್ಕು ಮೀನಿನ ತೊಟ್ಟಿಯಲ್ಲಿ ಅದಕ್ಕೆ ಏನಿದೆ ಊಟ? ಹೆಚ್ಚಿನವು ಸೊರಗಿ ಸಾಯುತ್ತವೆ. 2019ರಲ್ಲಿ ಜಪಾನಿನ ವಿಜ್ಞಾನಿಗಳು ಈ ಪುಟ್ಟ ಮೀನು ಕನ್ನಡಿಯಲ್ಲಿ ತನ್ನ ಮೈಮೇಲಿನ ಗುರುತನ್ನು ನೋಡಿ ಉಜ್ಜಿಕೊಳ್ಳಲು ಯತ್ನಿಸುತ್ತದೆ ಎಂದು ತೋರಿಸಿದರು. ಅದರ ಅರ್ಥವೇನೆಂದು ಪಂಡಿತರು ವಾದ ಮಾಡಲಿ. ನನ್ನ ಮಾತು ಇಷ್ಟೇ: ಯಾರಿಗೂ ತೊಂದರೆ ಕೊಡದೆ ಉಪವಾಸ ಸಾಯುವ ಜೀವಕ್ಕೆ ಪಟ್ಟಿಯಲ್ಲಿ ಅತ್ಯುತ್ತಮ ಅಂಕ ಸಿಕ್ಕಿದೆ. ಏಕೆಂದರೆ ಪಟ್ಟಿ ಕೇಳುವುದು 'ಇದರಿಂದ ಬೇರೆಯವರಿಗೆ ತೊಂದರೆಯೇ?' ಎಂದು ಮಾತ್ರ. 'ಇದಕ್ಕೆ ಇಲ್ಲಿ ಬದುಕುಂಟೆ?' ಎಂದು ಕೇಳುವ ಅಂಕಣವೇ ಅದರಲ್ಲಿಲ್ಲ.

ಆ ಅಂಕಣವನ್ನು ಸೇರಿಸಿದರೆ ಏನೇನು ಬರೆಯಬೇಕಾಗುತ್ತದೆ ನೋಡಿ. ಹಳದಿ ಮೈಯ ಹ್ಯಾಲಿಕೋರಿಸ್ ರಾಸ್ ರಾತ್ರಿ ಮರಳಿನೊಳಗೆ ಹುದುಗಿ ಮಲಗುತ್ತದೆ. ಅದಕ್ಕೆ ಎರಡು ಅಂಗುಲವಾದರೂ ನಯವಾದ ಮರಳಿನ ಹಾಸು ಬೇಕು. ಫೇರಿ ರಾಸ್ ಮರಳು ಕೇಳುವುದಿಲ್ಲ. ಬಂಡೆಯ ಸಂದಿಯಲ್ಲಿ ತನ್ನ ಸುತ್ತ ಲೋಳೆಯ ಗೂಡು ಕಟ್ಟಿಕೊಂಡು ನಿದ್ದೆ ಮಾಡುತ್ತದೆ. ಗೂಡಿನ ಊರಿನವಳಾದ ನನಗೆ ಈ ಸಂಗತಿ ತುಂಬ ಹಿಡಿಸಿತು. ಎರಡೂ ಬೆದರಿದರೆ ಹಾರುತ್ತವೆ. ಆದ್ದರಿಂದ ತೊಟ್ಟಿಯ ಮೇಲೆ ಸಣ್ಣ ಕಣ್ಣಿನ ಬಲೆಯ ಮುಚ್ಚಳ ಇರಲೇಬೇಕು. ಇಲ್ಲದಿದ್ದರೆ ಬೆಳಿಗ್ಗೆ ಕಸ ಗುಡಿಸುವವರ ಪೊರಕೆಗೆ ಸಿಗುತ್ತವೆ. ತೊಟ್ಟಿ ಸಾಕುವವರ ಖರ್ಚಿನ ಅಂಕಣವೂ ಬೇಕು. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ 300 ಲೀಟರಿಗೆ ಹತ್ತೂವರೆ ಕಿಲೋ ಕಡಲುಪ್ಪಿನ ಮಿಶ್ರಣ. ಅಡಿಗೆ ಉಪ್ಪು ನಡೆಯುವುದಿಲ್ಲ. ನಮ್ಮ ಬೋರ್‌ವೆಲ್ಲಿನ ಗಡುಸು ನೀರೂ ನಡೆಯುವುದಿಲ್ಲ, ಶುದ್ಧೀಕರಿಸಿದ ನೀರೇ ಆಗಬೇಕು. ಆವಿಯಾದ ಜಾಗಕ್ಕೆ ಸಿಹಿನೀರು ತುಂಬಬೇಕು, ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತದಲ್ಲ. ನಮ್ಮ ಬಂಡೆಗಳ ಸೀಮೆಯ ಬೇಸಿಗೆಯಲ್ಲಿ ನೀರು 30 ಡಿಗ್ರಿ ದಾಟದಂತೆ ಕಾಯಬೇಕು, ಕರೆಂಟು ಹೋದಾಗ ಗಾಳಿಯಾಡಿಸಬೇಕು. ಇದನ್ನೆಲ್ಲ ಮನೆಯಲ್ಲಿ ಯಾರು ಮಾಡುತ್ತಾರೆ ಎಂಬುದನ್ನು ಹೆಂಗಸರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹವಳದ ಅಂಕಣವೂ ಇರಬೇಕು. ನಮ್ಮ ಕರ್ನಾಟಕದಲ್ಲೂ ಮುರ್ಡೇಶ್ವರದ ಕಡಲಾಚೆ ನೇತ್ರಾಣಿಯ ಸುತ್ತ ಹವಳಗಳಿವೆ, ರಾಸ್‌ಗಳೂ ಇವೆ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಿದರು. ಕಡಲಿನಿಂದ ಕಿತ್ತ ಹವಳವನ್ನು ಯಾರಾದರೂ ಗುಟ್ಟಾಗಿ ಕೊಡಲು ಬಂದರೆ ಅದು ಅಪರಾಧದ ಸಾಮಾನು. ಪಟ್ಟಿ ಇದರ ಬಗ್ಗೆ ಮೌನ.

ಹಳೆಯ ಕಾಲದವರು ಇದಕ್ಕಿಂತ ಚೆನ್ನಾಗಿ ಪಟ್ಟಿ ಮಾಡುತ್ತಿದ್ದರು ಎಂದರೆ ನಗಬೇಡಿ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಕಡಲಿನ ಮೀನು ಯಾವುದು, ಸಿಹಿನೀರಿನದು ಯಾವುದು, ಹುರುಪೆಯಿರುವುದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಯಾವ ಮೇವು ಎಂದು ವಿಂಗಡಿಸಿದ್ದಾನೆ. ದೊರೆಯ ಉದ್ದೇಶ ಗಾಳ ಹಾಕುವುದೇ ಹೊರತು ಕರುಣೆಯಲ್ಲ. ಆದರೂ ಮೀನಿನ ಊಟವೇನೆಂದು ಮೊದಲು ಕೇಳಿದ್ದಾನೆ. ಹಿಡಿಯುವವನಿಗೆ ಇದ್ದ ಆ ಕುತೂಹಲ ಸಾಕುವವರಿಗೆ ಇರಬೇಡವೇ?

ವಿಮರ್ಶಕಿಯಾದವಳು ಕೊನೆಗೆ ತೀರ್ಪು ಕೊಡದೆ ಜಾರಿಕೊಳ್ಳಬಾರದು. ಹುಡುಗನಿಗೆ ನಾನು ಬರೆದುಕೊಟ್ಟದ್ದು ಹೀಗೆ. ಮೂನ್ ರಾಸ್ ಬೇಡ, ತೊಟ್ಟಿ ಅದಕ್ಕೆ ಸೆರೆಮನೆ, ಉಳಿದವರಿಗೆ ಅದು ಜೈಲರ್. ಕ್ಲೀನರ್ ರಾಸ್ ಬೇಡವೇ ಬೇಡ, ಅದರ ಹಸಿವನ್ನು ನಾವು ತೀರಿಸಲಾರೆವು. ಸಿಕ್ಸ್ ಲೈನ್ ರಾಸ್ ಕೆಟ್ಟದ್ದೆಂದಲ್ಲ, 300 ಲೀಟರಿನಲ್ಲಿ ಸಾಧುಗಳ ನಡುವೆ ಅದಕ್ಕೆ ಕೆಟ್ಟ ಹೆಸರು ಬರಿಸುವುದು ಬೇಡ. ಒಂದು ಫ್ಲಾಶರ್, ಇಲ್ಲವೇ ಚಿಕ್ಕ ಜಾತಿಯ ಒಂದು ಫೇರಿ ರಾಸ್ ಸಾಕು. ಮರಳು ಹಾಕುವೆಯಾದರೆ ಹಳದಿ ಹ್ಯಾಲಿಕೋರಿಸ್ ಆದೀತು. ಮೂರರಲ್ಲಿ ಒಂದೇ ಒಂದು. ಕ್ಲೌನ್, ಗೋಬಿ, ಸೀಗಡಿ ಎಲ್ಲ ನೆಲೆನಿಂತ ಮೇಲೆ ಕೊನೆಯಲ್ಲಿ ಅದನ್ನು ತರಬೇಕು. ಅದಕ್ಕೂ ಮೊದಲು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ರೋಗವಿಲ್ಲವೆಂದು ನೋಡಬೇಕು. ಅಂಗಡಿಯಲ್ಲಿ ನಿನ್ನ ಕಣ್ಣೆದುರು ಅದು ಮೇವು ತಿನ್ನದಿದ್ದರೆ ಬಣ್ಣಕ್ಕೆ ಮರುಳಾಗಿ ತರಬೇಡ. ಮುಚ್ಚಳವನ್ನು ಮೀನಿಗಿಂತ ಮೊದಲು ಕೊಳ್ಳಬೇಕು.

ಪಟ್ಟಿಯನ್ನು ಹರಿದುಹಾಕಲಿಲ್ಲ. ಅದರ ಹಿಂದಿನ ಖಾಲಿ ಪುಟದಲ್ಲಿ ಅದು ಬಿಟ್ಟ ಅಂಕಣಗಳನ್ನು ಗೆರೆ ಎಳೆದು ಬರೆದೆ: ಜಾಗ ಎಷ್ಟು, ಊಟ ಎಷ್ಟು ಹೊತ್ತು, ಮಲಗಲು ಎಲ್ಲಿ, ಅಡಗಲು ಎಲ್ಲಿ, ಮೊದಲು ಬಂದವರು ಯಾರು, ನೋಡಿಕೊಳ್ಳುವವರು ಯಾರು. ಮೀನಿನ ಸ್ವಭಾವ ಎಂಬ ಅಂಕಣವನ್ನು ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದೇನೆ. ಮೇಲಿನ ಆರೂ ತುಂಬಿದ ಮೇಲೆ ಅದರಲ್ಲಿ ಬರೆಯಲು ಎಷ್ಟು ಉಳಿಯುತ್ತದೋ ಅವನೇ ನೋಡಲಿ.