ಚಿತ್ರ ಬರೆಯದವನ ಗೆರೆ

'ಕಥೆ ಗಟ್ಟಿಯಾಗಿದ್ದರೆ ಆಯಿತು, ಪೆನ್ಸಿಲ್ಲಿನಲ್ಲಿ ಮಾಡಿದರೇನು, ಕಂಪ್ಯೂಟರಿನಲ್ಲಿ ಮಾಡಿದರೇನು?' ಅನಿಮೇಷನ್ ಸಿನಿಮಾದ ಮಾತೆದ್ದಲ್ಲೆಲ್ಲ ಯಾರಾದರೊಬ್ಬರು ಈ ತೀರ್ಪು ಕೊಟ್ಟು ಮಾತು ಮುಗಿಸುತ್ತಾರೆ. ಕಳೆದ ತಿಂಗಳು ಗೆಳೆಯರ ಮನೆಯಲ್ಲಿ ಇಸಾವೊ ತಕಹಾತ ಅವರ 'ದಿ ಟೇಲ್ ಆಫ್ ದಿ ಪ್ರಿನ್ಸೆಸ್ ಕಗುಯಾ' ನೋಡಿ ಎದ್ದಾಗಲೂ ಅದೇ ಮಾತು ಬಂತು. ಹೇಳಿದವರು ಸಿನಿಮಾ ಬಲ್ಲವರು, ಕಣ್ಣೊರೆಸಿಕೊಳ್ಳುತ್ತಲೇ ಹೇಳಿದರು. ಅದಕ್ಕೇ ನನಗೆ ಹೆಚ್ಚು ನೋವಾಯಿತು. ತಮ್ಮನ್ನು ಅಳಿಸಿದ್ದು ಏನು ಎಂಬುದನ್ನೇ ಅವರು ಗಮನಿಸಿರಲಿಲ್ಲ. ಬಿದಿರಿನೊಳಗೆ ಸಿಕ್ಕ ಕೂಸು ದೊಡ್ಡವಳಾಗಿ ಚಂದ್ರಲೋಕಕ್ಕೆ ಮರಳಿದ ಕಥೆಯನ್ನು ಜಪಾನಿನವರು ಸಾವಿರ ವರ್ಷದಿಂದ ಹೇಳಿಕೊಂಡು ಬಂದಿದ್ದಾರೆ. ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದರೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ನಮ್ಮನ್ನು ಅಳಿಸಿದ್ದು ಗೆರೆ.

ಮೊದಲು ಈ ತೀರ್ಪಿನ ಬುಡವನ್ನೇ ಅಲುಗಾಡಿಸಿ ನೋಡೋಣ. ಕಥೆಯೇ ದೊರೆ ಎಂಬ ಮಾತನ್ನು ಊರೆಲ್ಲ ಹಬ್ಬಿಸಿದ್ದು ಕಂಪ್ಯೂಟರ್ ಅನಿಮೇಷನ್ನಿನ ಪಿಕ್ಸರ್ ಸ್ಟುಡಿಯೋ. ಅದನ್ನು ಸುಳ್ಳು ಮಾಡುವುದೂ ಪಿಕ್ಸರಿನ ಚರಿತ್ರೆಯೇ. 1995ರ 'ಟಾಯ್ ಸ್ಟೋರಿ' ಆಟಿಕೆಗಳ ಕಥೆ ಯಾಕಾಯಿತು? ಆಗಿನ ಕಂಪ್ಯೂಟರಿಗೆ ಚೆನ್ನಾಗಿ ಒಲಿದಿದ್ದು ಪ್ಲಾಸ್ಟಿಕ್ಕಿನಂಥ ನುಣುಪು ಮೇಲ್ಮೈ. ಅದೇ ಚಿತ್ರದ ಮನುಷ್ಯರನ್ನು, ಪಕ್ಕದ ಮನೆಯ ನಾಯಿಯನ್ನು ಇವತ್ತು ನೋಡಿ. ಅವರ ಚರ್ಮವೂ ಪ್ಲಾಸ್ಟಿಕ್ಕೇ. 1998ರಲ್ಲಿ ಗಟ್ಟಿ ಚಿಪ್ಪಿನ ಹುಳುಗಳು ಬಂದವು. ಕೂದಲು ಪಳಗಿದ ಮೇಲೆ, 2001ರಲ್ಲಿ, ಮೈತುಂಬ 20 ಲಕ್ಷಕ್ಕೂ ಹೆಚ್ಚು ರೋಮಗಳಿರುವ ರಾಕ್ಷಸ ಸಲ್ಲಿ ಬಂದ. ನೀರು ಪಳಗಿದ ಮೇಲೆ, 2003ರಲ್ಲಿ, 'ಫೈಂಡಿಂಗ್ ನೀಮೊ' ಬಂತು. ಯಾವ ಕಥೆ ಹೇಳಬಹುದು ಎಂಬುದನ್ನು ಉಪಕರಣವೇ ಹೆಜ್ಜೆಹೆಜ್ಜೆಗೂ ಗೊತ್ತುಮಾಡಿದೆ. ಹಾಗಿರುವಾಗ ಉಪಕರಣ ಮುಖ್ಯವಲ್ಲ ಎಂಬ ಮಾತನ್ನು ನಾನು ಹೇಗೆ ಒಪ್ಪಲಿ?

ಡಿಸ್ನಿಯ ಕಥೆ ಇನ್ನೂ ಬೇಸರದ್ದು. 2002ರಲ್ಲಿ 'ಟ್ರೆಷರ್ ಪ್ಲಾನೆಟ್' ನೆಲಕಚ್ಚಿತು. 2004ರ 'ಹೋಮ್ ಆನ್ ದ ರೇಂಜ್' ಹೊತ್ತಿಗೆ ಕೈಚಿತ್ರದ ವಿಭಾಗವನ್ನೇ ಕಳಚಿ ಹಾಕಿದ್ದರು. 2009ರಲ್ಲಿ 'ದಿ ಪ್ರಿನ್ಸೆಸ್ ಅಂಡ್ ದ ಫ್ರಾಗ್' ಜೊತೆ ಒಮ್ಮೆ ಮರಳಿ ಬಂದರು. 2011ರಲ್ಲಿ 'ವಿನ್ನಿ ದ ಪೂ' ಚಿತ್ರವನ್ನು ಅಮೆರಿಕದಲ್ಲಿ ಹ್ಯಾರಿ ಪಾಟರ್ ಸರಣಿಯ ಕೊನೆಯ ಚಿತ್ರ ತೆರೆಗೆ ಬಂದ ದಿನವೇ ಬಿಡುಗಡೆ ಮಾಡಿದರು. ಅದಾದ ಮೇಲೆ ಆ ಸ್ಟುಡಿಯೋದಿಂದ ಪೂರ್ಣಾವಧಿಯ ಕೈಚಿತ್ರದ ಸಿನಿಮಾ ಬಂದೇ ಇಲ್ಲ. ಗೆದ್ದಾಗ ಕಥೆಗೆ ಹಾರ, ಸೋತಾಗ ಪೆನ್ಸಿಲ್ಲಿಗೆ ಪೆಟ್ಟು. ಇದು ಯಾವ ನ್ಯಾಯ?

ನನ್ನ ಪಕ್ಷ ಯಾವುದೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ತಕಹಾತ ಅವರ ಪಕ್ಷ. ಜಪಾನಿನ ಜಿಬ್ಲಿ ಸ್ಟುಡಿಯೋ ಎಂದೊಡನೆ ಎಲ್ಲರ ಬಾಯಲ್ಲೂ ನಿರ್ದೇಶಕ ಮಿಯಝಾಕಿ. ಅನಿಮೇಷನ್ ವಿಭಾಗದಲ್ಲಿ ಆಸ್ಕರ್ ಗೆದ್ದಿರುವ ಎರಡೇ ಕೈಚಿತ್ರದ ಸಿನಿಮಾಗಳು ಅವರವೇ. ಅವರ ಪ್ರತಿಭೆಗೆ ಕೈಮುಗಿಯುತ್ತೇನೆ. ಆದರೆ ಗೆರೆ ಎಂದರೇನು ಎಂದು ನನಗೆ ಕಲಿಸಿದವರು ಅವರ ಸಹೋದ್ಯೋಗಿ, ಅವರಿಗಿಂತ ಐದಾರು ವರ್ಷ ಹಿರಿಯರಾದ ತಕಹಾತ. ವಿಶೇಷವೆಂದರೆ ತಕಹಾತ ಚಿತ್ರ ಬರೆಯುತ್ತಿರಲಿಲ್ಲ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಸಾಹಿತ್ಯ ಓದಿದವರು. ಪಾಲ್ ಗ್ರಿಮೊನ ಫ್ರೆಂಚ್ ಅನಿಮೇಷನ್ ನೋಡಿ ಮನಸೋತು, 1959ರಲ್ಲಿ ತೋಯೆಯ್ ಸ್ಟುಡಿಯೋ ಸೇರಿದವರು. ಕೈ ಪಳಗಿದವನಿಗೆ ಗೆರೆ ತಾನಾಗಿ ಹರಿಯುತ್ತದೆ, ಅದನ್ನು ಅವನು ಪ್ರಶ್ನಿಸುವುದಿಲ್ಲ. ಬರೆಯಲು ಬಾರದ ತಕಹಾತ ಮಾತ್ರ ಬರೆಯುವವರ ಬೆನ್ನ ಹಿಂದೆ ನಿಂತು ಕೇಳಬಲ್ಲವರಾಗಿದ್ದರು: ಈ ಗೆರೆ ಇಲ್ಲಿ ಯಾಕೆ ಬೇಕು? ಇದನ್ನು ಬಿಟ್ಟರೆ ಏನಾಗುತ್ತದೆ?

ಆ ಪ್ರಶ್ನೆಯ ಫಲವನ್ನು ಒಂದೊಂದು ಚಿತ್ರದಲ್ಲೂ ಕಾಣಬಹುದು. 1988ರ 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಚಿತ್ರದಲ್ಲಿ ಆಕೃತಿಗಳ ಅಂಚಿಗೆ ರೂಢಿಯ ಕಪ್ಪು ಗೆರೆಯ ಬದಲು ಕಂದು ಗೆರೆ ಬಳಸಿದರು. ಕಪ್ಪು ಗೆರೆ ಆಕೃತಿಯನ್ನು ಹಿನ್ನೆಲೆಯಿಂದ ಕತ್ತರಿಸಿ ನಿಲ್ಲಿಸುತ್ತದೆ. ಕಂದು ಗೆರೆ ಮಣ್ಣಿಗೆ, ಹೊಗೆಗೆ, ಬಾಡಿದ ಮೈಬಣ್ಣಕ್ಕೆ ಸೇರಿಕೊಳ್ಳುತ್ತದೆ. ಯುದ್ಧಕಾಲದ ಹಸಿವಿಗೆ ಸಿಕ್ಕ ಪುಟ್ಟ ಹುಡುಗಿ ಸೆತ್ಸುಕೊ ದಿನದಿಂದ ದಿನಕ್ಕೆ ಕರಗುವುದನ್ನು ನೋಡುವಾಗ ಅವಳ ಅಂಚೇ ಲೋಕದೊಳಗೆ ಇಂಗುತ್ತಿರುವಂತೆ ಕಾಣುತ್ತದೆ. 1945ರ ಜೂನ್ 29ರ ಒಕಯಾಮ ಬಾಂಬ್ ದಾಳಿಯಲ್ಲಿ ಒಂಬತ್ತರ ಹುಡುಗನಾಗಿ ಬದುಕಿ ಉಳಿದವರು ತಕಹಾತ. ಬೆಂಕಿಯ ನಡುವೆ ಮನುಷ್ಯನ ಅಂಚು ಎಷ್ಟು ತೆಳು ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

1991ರ 'ಓನ್ಲಿ ಯೆಸ್ಟರ್‌ಡೇ' ಚಿತ್ರದಲ್ಲಿ ಒಂದು ಮನೆಗೆ ಮೊದಲ ಸಲ ಅನಾನಸ್ ಬರುತ್ತದೆ. ಕತ್ತರಿಸುವುದು ಹೇಗೆಂದು ಯಾರಿಗೂ ಗೊತ್ತಿಲ್ಲ. ಕೊನೆಗೊಮ್ಮೆ ಹೋಳು ಮಾಡಿ, ಎಲ್ಲರೂ ಕೂತು, ಬಾಯಿಗಿಟ್ಟು, ಸುಮ್ಮನಾಗುತ್ತಾರೆ. ಹಣ್ಣು ಗಟ್ಟಿ; ನೆನೆಸಿದಷ್ಟು ರುಚಿಯಿಲ್ಲ. ಒಬ್ಬೊಬ್ಬರೇ ಹೋಳನ್ನು ಬದಿಗಿಡುತ್ತಾರೆ. ಹುಡುಗಿ ತಾಯೆಕೊ ಮಾತ್ರ ಅಗಿಯುತ್ತಲೇ ಇರುತ್ತಾಳೆ. ಇಷ್ಟೇ ದೃಶ್ಯ. ದೊಡ್ಡವಳಾದ ತಾಯೆಕೊ ನೆನೆಯುವ ಈ ಬಾಲ್ಯದ ಭಾಗಗಳಲ್ಲಿ ಹಿನ್ನೆಲೆಯ ಬಣ್ಣ ಅಂಚಿಗೆ ಬರುತ್ತ ಬರುತ್ತ ತೆಳುವಾಗಿ ಬರಿಯ ಬಿಳಿಯಾಗುತ್ತದೆ. ಗೋಡೆಯ ಮೂಲೆಯಿಲ್ಲ, ಚಾವಣಿಯಿಲ್ಲ. ನೆನಪು ಇರುವುದು ಹೀಗೆಯೇ ತಾನೇ? ಅಜ್ಜಿಮನೆಯ ಊಟದ ಪಂಕ್ತಿ ನೆನಪಾದಾಗ ತಟ್ಟೆ ಕಾಣುತ್ತದೆ, ಬಡಿಸುವ ಕೈ ಕಾಣುತ್ತದೆ, ಗೋಡೆಯ ಬಣ್ಣ ಕಾಣುವುದಿಲ್ಲ. ಆ ಬಿಳಿಯನ್ನು ನಾವು ನಮ್ಮ ಮನೆಯಿಂದ ತಂದು ತುಂಬಿಕೊಳ್ಳುತ್ತೇವೆ.

1999ರ 'ಮೈ ನೇಬರ್ಸ್ ದ ಯಮಡಾಸ್' ಈ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ಪತ್ರಿಕೆಯ ನಾಲ್ಕು ಚೌಕದ ವ್ಯಂಗ್ಯಚಿತ್ರದ ಸಂಸಾರ ಅದು. ನಾಲ್ಕು ಗೆರೆ, ತೊಟ್ಟು ಜಲವರ್ಣ, ಸುತ್ತ ಖಾಲಿ ಕಾಗದ. ರಾತ್ರಿ ಬೈಕ್ ಪುಂಡರನ್ನು ಗದರಿಸಲು ಅಪ್ಪ ಹೊರಗೆ ಹೋದಾಗ ಮಾತ್ರ ಚಿತ್ರದ ಬಗೆಯೇ ಬದಲಾಗಿ, ಮೈಗಳಿಗೆ ತೂಕ ಬರುತ್ತದೆ, ನೆರಳು ಬರುತ್ತದೆ. ಭಯ ಬಂದಾಗ ಲೋಕ ಗಟ್ಟಿಯಾಗುತ್ತದೆ; ಭಯ ಹೋದಾಗ ಮತ್ತೆ ನಾಲ್ಕು ಗೆರೆ. ಜಿಬ್ಲಿಯ ಹೆಸರಾಂತ ಚಿತ್ರಗಳೆಲ್ಲವನ್ನೂ ಈ ಒಂದರ ಎದುರು ತೂಗಲು ನಾನು ಸಿದ್ಧ.

ಆದರೆ ಆ ಯಮಡಾ ಚಿತ್ರ ಜಿಬ್ಲಿಯಲ್ಲಿ ಪೂರ್ತಿ ಡಿಜಿಟಲ್ ಆಗಿ ತಯಾರಾದ ಮೊದಲ ಸಿನಿಮಾ ಎಂದು ಬಲ್ಲವರು ತಕರಾರು ತೆಗೆಯುತ್ತಾರೆ. ನಿಜ. ಪಾರದರ್ಶಕ ಸೆಲ್ ಹಾಳೆಯ ಮೇಲೆ ಜಲವರ್ಣದ ಆ ತೇವ ಬರುವುದಿಲ್ಲ, ಅದಕ್ಕೇ ಬಣ್ಣ ಕಂಪ್ಯೂಟರಿನಲ್ಲಿ ಸೇರಿತು. ನನ್ನ ವಾದ ಅದರಿಂದ ಬೀಳುವುದಿಲ್ಲ, ಗಟ್ಟಿಯಾಗುತ್ತದೆ. ಅಲ್ಲಿ ಯಂತ್ರ ಗೆರೆಯ ಆಳಾಗಿ ದುಡಿಯಿತು. ಗೆರೆ ಎಳೆದದ್ದು ಕೈ, ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸಿದ್ದು ಕಣ್ಣು.

ಈಗ 'ಕಗುಯಾ'. ಎಂಟು ವರ್ಷದ ಕೆಲಸ, ಸುಮಾರು 500 ಕೋಟಿ ಯೆನ್ ಖರ್ಚು. 2013ರಲ್ಲಿ ತೆರೆ ಕಂಡಾಗ ತಕಹಾತ ಅವರಿಗೆ 78 ವರ್ಷ. ಪಾತ್ರಗಳ ಗೆರೆ ಒಸಾಮು ತನಬೆಯವರದು, ಹಿನ್ನೆಲೆ ಕಜುವೊ ಓಗ ಅವರದು. ಕೂಸು ಮೊದಲ ಹೆಜ್ಜೆ ಇಡುವ ದೃಶ್ಯ ನೋಡಿ. ಹಳ್ಳಿಯ ಹುಡುಗರು 'ತಕೆನೊಕೊ' ಎಂದು ಒಂದು ಕಡೆಯಿಂದ ಕರೆಯುತ್ತಾರೆ. 'ತಕೆನೊಕೊ' ಎಂದರೆ ಕಳಲೆ, ಎಳೆಬಿದಿರು. ಸಾಕಿದಪ್ಪ ಇನ್ನೊಂದು ಕಡೆಯಿಂದ 'ಹಿಮೆ', ರಾಜಕುಮಾರಿ, ಎಂದು ಕರೆಯುತ್ತಾನೆ; ಕರೆದು ಕರೆದು ಅವನಿಗೆ ಅಳುವೇ ಬರುತ್ತದೆ. ಕೂಸು ತಿರುಗುತ್ತದೆ, ತೂಗಾಡುತ್ತದೆ. ಅದರ ಮೈಯ ಗೆರೆ ಒಂದೇ ದಪ್ಪದಲ್ಲಿಲ್ಲ. ಕಾಲು ಊರಿದಲ್ಲಿ ದಪ್ಪ, ಎತ್ತಿದಲ್ಲಿ ತೆಳು. ಕೆಲವೆಡೆ ಗೆರೆ ಕೂಡುವುದೇ ಇಲ್ಲ. ಕೂಸಿನ ಮೈಯಂತೆ ಗೆರೆಯೂ ಇನ್ನೂ ಬಲಿತಿಲ್ಲ.

ಅದೇ ಕೂಸು ದೊಡ್ಡವಳಾಗಿ ರಾಜಧಾನಿಯ ಮಹಲಿನಲ್ಲಿ, ಹೆಸರಿಡುವ ಔತಣದ ರಾತ್ರಿ, ಬಿದಿರ ಪರದೆಯ ಹಿಂದೆ ಕೂತಿದ್ದಾಳೆ. ಕುಡಿದ ಅತಿಥಿಗಳು ಅವಳನ್ನೂ ಅಪ್ಪನನ್ನೂ ಹೀಯಾಳಿಸುತ್ತಾರೆ. ಅವಳು ಎದ್ದು ಓಡುತ್ತಾಳೆ. ಬಾಗಿಲುಗಳನ್ನು ಒಡೆದುಕೊಂಡು, ಪದರ ಪದರದ ರೇಷ್ಮೆ ಉಡುಪನ್ನು ಬೀದಿಯುದ್ದಕ್ಕೂ ಕಳಚುತ್ತ ಓಡುತ್ತಾಳೆ. ಬಣ್ಣ ಬತ್ತುತ್ತದೆ. ಗೆರೆ ಇದ್ದಿಲಿನ ಗೀಚಾಗುತ್ತದೆ. ಮುಖ ಮುಖವಾಗಿ ಉಳಿಯುವುದಿಲ್ಲ. ನಾಲ್ಕೈದು ಕೋಪದ ಗೀಟುಗಳು, ಕೆಳಗೆ ಕೆಂಪು ಉಡುಪು, ಮೇಲೆ ಚಂದ್ರ. ನಾನು ಈ ದೃಶ್ಯವನ್ನು ಒಂದೊಂದೇ ಚೌಕಟ್ಟಿನಲ್ಲಿ ನಿಲ್ಲಿಸಿ ನೋಡಿದ್ದೇನೆ. ಬಿಡಿಯಾಗಿ ನೋಡಿದರೆ ಕೆಲವು ಚೌಕಟ್ಟುಗಳಲ್ಲಿ ಮನುಷ್ಯರೇ ಇಲ್ಲ, ಬರೀ ಗೀಚು. ಓಡಿಸಿದರೆ ಎದೆ ಹಿಂಡುತ್ತದೆ. ಹಿಡಿತ ತಪ್ಪಿದ ಹೆಣ್ಣೊಬ್ಬಳನ್ನು ಹಿಡಿತ ತಪ್ಪಿದ ಗೆರೆಯಿಂದಲೇ ತೋರಿಸಲು ಬರೆಯುವವನಿಗೆ ಎಷ್ಟು ಹಿಡಿತ ಬೇಕು!

ಕಂಪ್ಯೂಟರ್ ಅನಿಮೇಷನ್ನಿನ ಹುಟ್ಟುಗುಣ ಇದಕ್ಕೆ ತಿರುಗಾಮುರುಗ. ಅಲ್ಲಿ ಮೊದಲು ಮೈ ಕಟ್ಟಬೇಕು, ಮೂಳೆ ಜೋಡಿಸಬೇಕು, ಚರ್ಮ ಹೊದಿಸಬೇಕು, ದೀಪ ಹಚ್ಚಬೇಕು. ಒಮ್ಮೆ ಕಟ್ಟಿದ ಮೇಲೆ ಆ ಮೈ ಎಲ್ಲ ಕೋನದಿಂದಲೂ ಪೂರ್ತಿಯಾಗಿ ಇದ್ದೇ ಇರುತ್ತದೆ. ಏನನ್ನಾದರೂ ಕಾಣದಂತೆ ಮಾಡಬೇಕಾದರೆ ಪ್ರತ್ಯೇಕ ದುಡಿಮೆ ಬೇಕು. ಕಾಗದ ಖಾಲಿಯಿಂದ ಶುರುವಾಗುತ್ತದೆ. ಬರೆಯುವ ತನಕ ಅಲ್ಲಿ ಏನೂ ಇಲ್ಲ. ಹಾಗಾಗಿ ಬಿಡುವುದು ಕಾಗದಕ್ಕೆ ಸಹಜ, ತುಂಬುವುದು ಯಂತ್ರಕ್ಕೆ ಸಹಜ. 2018ರ 'ಸ್ಪೈಡರ್-ಮ್ಯಾನ್: ಇಂಟು ದ ಸ್ಪೈಡರ್-ವರ್ಸ್' ಮಾಡಿದವರಿಗೆ ಇದು ಅರ್ಥವಾಗಿತ್ತು. ಸೆಕೆಂಡಿಗೆ 24 ಚೌಕಟ್ಟಿನ ನುಣುಪನ್ನು ಮುರಿದು ಅನೇಕ ಕಡೆ 12ಕ್ಕೆ ಇಳಿಸಿದರು, ಮುಖಗಳ ಮೇಲೆ ಗೆರೆ ಎಳೆದರು. ಅದನ್ನು ಕಂಪ್ಯೂಟರಿನ ಗೆಲುವೆಂದು ಕೊಂಡಾಡುವವರಿದ್ದಾರೆ. ನನಗೆ ಅದು ಯಂತ್ರ ಗೆರೆಯ ಮನೆಬಾಗಿಲಿಗೆ ಬಂದು ಸಾಲ ಕೇಳಿದ ಹಾಗೆ ಕಂಡಿತು.

ಹೇಳದೆ ಉಳಿಸಿದ್ದರಲ್ಲಿ ರಸ ಹುಟ್ಟುತ್ತದೆ ಎಂಬುದು ನಮಗೆ ಯಾರೂ ಹೊಸದಾಗಿ ಕಲಿಸಬೇಕಾದ ಮಾತಲ್ಲ. ಆನಂದವರ್ಧನ ಅದಕ್ಕೆ ಧ್ವನಿ ಎಂದು ಹೆಸರಿಟ್ಟ. ಯಕ್ಷಗಾನ ನೋಡಿ ಬೆಳೆದವರಿಗೆ ಹೆಸರೂ ಬೇಕಿಲ್ಲ. ಬಣ್ಣದ ವೇಷ ರಂಗಸ್ಥಳಕ್ಕೆ ಬರುವಾಗ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಹಿಂದಿನಿಂದ ಆರ್ಭಟ ಕೇಳುತ್ತದೆ. ಕಿರೀಟದ ತುದಿ ಮೇಲೆದ್ದು ಮುಳುಗುತ್ತದೆ. ತೊಡೆಯ ಮೇಲೆ ಕೂತ ಮಗು ಅಪ್ಪನ ಅಂಗಿ ಹಿಡಿಯುವುದು ಆಗ. ವೇಷ ಪೂರ್ತಿ ಕಂಡ ಮೇಲೆ ಅದೇ ಮಗು ಕಣ್ಣರಳಿಸಿ ನೋಡುತ್ತದೆ, ಹೆದರುವುದಿಲ್ಲ.

ಇಂಥ ಕಣ್ಣಿದ್ದ ನಾವು ಯಾವಾಗ ತುಂಬಿಸಿದ್ದನ್ನೇ ಚಂದವೆಂದು ನಂಬತೊಡಗಿದೆವು? 2025ರ ಜುಲೈನಲ್ಲಿ ನಮ್ಮ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ 'ಮಹಾವತಾರ್ ನರಸಿಂಹ' ಬಂತು, ಕನ್ನಡದಲ್ಲೂ ಬಂತು, ಥಿಯೇಟರು ತುಂಬಿತು. ಭಾರತದ ಅನಿಮೇಷನ್ ಸಿನಿಮಾಕ್ಕೆ ಜನ ಮುಗಿಬಿದ್ದದ್ದು ಸಂತೋಷವೇ. ಆದರೆ ನೋಡಿ ಬಂದ ನನ್ನ ಪರಿಚಯದವರೆಲ್ಲ ಹೊಗಳಿದ್ದು ಒಂದೇ ಮಾತಿನಲ್ಲಿ: ಥೇಟ್ ನಿಜದ ಹಾಗೇ ಇದೆ. ಕಂಬ ಒಡೆದು ಬರುವವನು ಪೂರ್ತಿ ಮನುಷ್ಯನೂ ಅಲ್ಲ, ಪೂರ್ತಿ ಮೃಗವೂ ಅಲ್ಲ. ಹಗಲೂ ಅಲ್ಲ, ರಾತ್ರಿಯೂ ಅಲ್ಲ. ಒಳಗೂ ಅಲ್ಲ, ಹೊರಗೂ ಅಲ್ಲ. ಪುರಾಣದಲ್ಲಿ ಅಂಚಿನ ಮೇಲೆಯೇ ನಿಂತ ದೇವರು ಯಾರಾದರೂ ಇದ್ದರೆ ಅವನೇ. ಒಂದು ಮುರಿದ ಗೆರೆ ಹೇಳಬಹುದಾಗಿದ್ದ ಆ ಸಂದಿಗ್ಧವನ್ನು ಸ್ನಾಯು, ಕೇಸರ, ಕಿಡಿಗಳಿಂದ ತುಂಬಿ ಮುಚ್ಚಿದ್ದಕ್ಕೆ ನಾವು ಚಪ್ಪಾಳೆ ತಟ್ಟಿದೆವು.

ಅದೇ ವರ್ಷದ ಮಾರ್ಚ್‌ನಲ್ಲಿ ಇನ್ನೊಂದು ಹುಚ್ಚು ಎದ್ದಿತ್ತು. ಮದುವೆಯ ಫೋಟೊ, ಮಗುವಿನ ನಾಮಕರಣದ ಫೋಟೊ ಎಲ್ಲವನ್ನೂ ಕೃತಕ ಬುದ್ಧಿಮತ್ತೆಗೆ ಕೊಟ್ಟು 'ಜಿಬ್ಲಿ ಶೈಲಿ' ಮಾಡಿಸಿಕೊಳ್ಳುವ ಹುಚ್ಚು. ಗುಂಡು ಕೆನ್ನೆ, ಹಸಿರು ಬಯಲು, ತಿಳಿ ಬೆಳಕು. ನನ್ನ ಮನೆಯವರೇ ಕಳಿಸಿದ್ದರು. ಆಗ ನನಗೆ ಹೊಳೆದದ್ದು ಇದು: ಈ ಯಂತ್ರಕ್ಕೆ 'ತಕಹಾತ ಶೈಲಿ' ಎಂದು ಕೇಳಿದರೆ ಏನು ಕೊಟ್ಟೀತು? ಕಂದು ಅಂಚಿನ ಸೆತ್ಸುಕೊ, ನಾಲ್ಕು ಗೆರೆಯ ಯಮಡಾ ಸಂಸಾರ, ಇದ್ದಿಲಿನ ಗೀಚಾದ ಕಗುಯಾ ಒಬ್ಬರನ್ನೊಬ್ಬರು ಹೋಲುವುದಿಲ್ಲ. ಕದಿಯಲು ತಕಹಾತ ಅವರಿಗೊಂದು ಕೈಬರಹವೇ ಇರಲಿಲ್ಲ. ಪ್ರತಿ ಕಥೆಗೂ ಅದರದೇ ಗೆರೆಯನ್ನು ಮೊದಲಿನಿಂದ ಹುಡುಕಿದ ಮನುಷ್ಯನನ್ನು ಅಚ್ಚಿಗೆ ಹಾಕಲು ಬರುವುದಿಲ್ಲ. ಶೈಲಿ ಎಂದರೆ ಅಲಂಕಾರ ಎಂದು ತಿಳಿದ ಕಾಲಕ್ಕೆ ಅವರು ಅರ್ಥವಾಗದಿರುವುದರಲ್ಲಿ ಆಶ್ಚರ್ಯವೇನು?

2015ರಲ್ಲಿ 'ಕಗುಯಾ' ಆಸ್ಕರ್ ಪಟ್ಟಿಯಲ್ಲಿತ್ತು. ಪ್ರಶಸ್ತಿ 'ಬಿಗ್ ಹೀರೊ 6' ಪಾಲಾಯಿತು. ಹಾಕಿದ ಹಣವೂ ಮರಳಲಿಲ್ಲ. 2018ರ ಏಪ್ರಿಲ್ 5ರಂದು ತಕಹಾತ ತೀರಿಕೊಂಡರು. 'ಕಗುಯಾ' ಅವರ ಕೊನೆಯ ಚಿತ್ರವಾಗಿ ಉಳಿಯಿತು. ಅದರ ಕೊನೆಯಲ್ಲಿ ಚಂದ್ರಲೋಕದವರು ಮೋಡವೇರಿ, ಕುಣಿಸುವಂಥ ಸಂಗೀತ ನುಡಿಸುತ್ತ ಬರುತ್ತಾರೆ. ಅವರ ಲೋಕದಲ್ಲಿ ಕಲೆಯಿಲ್ಲ, ಕೊಳೆಯಿಲ್ಲ, ದುಃಖವಿಲ್ಲ, ಎಲ್ಲವೂ ಪರಿಪೂರ್ಣ. ಈ ಭೂಮಿ ಕೊಳಕಲ್ಲ ಎಂದು ಕಗುಯಾ ವಾದಿಸುತ್ತಿರುವಾಗಲೇ ಅವಳ ಹೆಗಲಿಗೆ ಮರೆವಿನ ನಿಲುವಂಗಿ ಹೊದಿಸುತ್ತಾರೆ. ಅವಳ ಮಾತು ಅರ್ಧಕ್ಕೇ ನಿಲ್ಲುತ್ತದೆ, ಮುಖ ನುಣುಪಾಗುತ್ತದೆ. ಆಮೇಲೆ, ಬಲು ದೂರ ಹೋದ ಮೇಲೆ, ಯಾಕೆಂದು ತಿಳಿಯದೆ ಅವಳು ಹಿಂದಿರುಗಿ ನೀಲಿ ಭೂಮಿಯನ್ನು ನೋಡುತ್ತಾಳೆ. ಕಣ್ಣಲ್ಲಿ ನೀರಿದೆ.

ಗೆಳೆಯರ ಮನೆಯಲ್ಲಿ ಎಲ್ಲರೂ ಕಣ್ಣೊರೆಸಿಕೊಂಡದ್ದು ಆ ಹೊತ್ತಿಗೇ. ಮುಂದಿನ ಸಲ ಅವರನ್ನೆಲ್ಲ ಕೂಡಿಸಿ, ಓಟದ ಆ ದೃಶ್ಯವನ್ನು ಒಂದೊಂದೇ ಚೌಕಟ್ಟಿನಲ್ಲಿ ನಿಲ್ಲಿಸಿ ತೋರಿಸಬೇಕೆಂದಿದ್ದೇನೆ.